ಏಕಾದಶಿ ಮಾಡಿದ ನಾಯಿ

“ಗುರುಗಳೇ, ಯಾರೋ ಬಿಟ್ಟುಹೋದ ನಾಯಿಯೊಂದನ್ನು ಮೊನ್ನೆ ಮನೆಗೆ ತಂದೆ. ಮರಿಯಲ್ಲ, ಬೆಳೆದ ನಾಯಿ. ನಿನ್ನೆಯಿಂದ ಊಟ ಕಡಿಮೆ ಮಾಡಿದೆ, ಹೊಸ ಜಾಗ ನೋಡಿ. ಮುಂದಿನ ತಿಂಗಳು ವೈದ್ಯರಿಗೆ ತೋರಿಸಿದರೆ ಸಾಲದೇ?” ಎಂದು ಶಿಷ್ಯ ಕೇಳಿದ.

ಗುರುಗಳು ಶಲ್ಯ ಸರಿಮಾಡಿಕೊಂಡರು.

“ಒಂದು ಕತೆ ಕೇಳು ಮಗು. ಇದರ ಒಂದೊಂದು ಅಕ್ಷರವೂ ನಿಜ. ನನಗೆ ಸುಳ್ಳು ಹೇಳಲು ಬರುವುದೇ ಇಲ್ಲ. ಕಲಿಯೋಣವೆಂದು ಒಮ್ಮೆ ಕಾಶಿಯವರೆಗೂ ಹೋಗಿದ್ದೆ. ನಿನಗೆ ಈ ವಿದ್ಯೆ ಒಲಿಯುವುದಿಲ್ಲವೆಂದು ಅಲ್ಲಿನ ಪಂಡಿತರು ವಾಪಸು ಕಳಿಸಿಬಿಟ್ಟರು.”

ಹೀಗೆ ಹೇಳಿ ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಊರು ಬಿಟ್ಟು ಹೊರಟ ಕಾವಲುಗಾರನೊಬ್ಬ ತನ್ನ ನಾಯಿಯನ್ನು ಅವನ ಅಂಗಡಿಯ ಮುಂದೆ ಬಿಟ್ಟುಹೋದ. ವ್ಯಾಪಾರಿ ಅದನ್ನು ಒಳಗೆ ಕರೆದುಕೊಂಡ. ದೊಡ್ಡ ನಾಯಿ, ಗಟ್ಟಿ ಮೈ. ಅದು ಒಮ್ಮೆ ಬೊಗಳಿದರೆ ಪಕ್ಕದ ಊರಿನ ಎಮ್ಮೆಗಳು ಕರೆಯದೆಯೇ ಹಾಲು ಬಿಡುತ್ತಿದ್ದವು. ನಾನೇ ಆ ಹಾಲು ಕುಡಿದಿದ್ದೇನೆ.

“ವೈದ್ಯರಿಗೆ ಒಮ್ಮೆ ತೋರಿಸೋಣ ಕಣ್ರೀ” ಎಂದಳು ಹೆಂಡತಿ.

“ಮರಿಯೇನೇ ಅದು? ಆಗಬೇಕಾದ ಚುಚ್ಚುಮದ್ದೆಲ್ಲ ಯಾವಾಗಲೋ ಆಗಿರುತ್ತೆ” ಎಂದ ವ್ಯಾಪಾರಿ.

ಕೆಲವು ದಿನ ಕಳೆಯಿತು. ಒಂದು ಬೆಳಿಗ್ಗೆ ಹಾಲನ್ನ ಇಟ್ಟರೆ ನಾಯಿ ಮುಖ ತಿರುಗಿಸಿತು. ಅಂದು ಏಕಾದಶಿ. ವ್ಯಾಪಾರಿ ತಾನೂ ಉಪವಾಸವಿದ್ದ. ಅವನ ಕಣ್ಣು ತುಂಬಿಬಂತು.

“ನೋಡಿದೆಯೇನೇ? ಏಕಾದಶಿ ಮಾಡ್ತಿದೆ!”

“ನಿನ್ನೆ ರಾತ್ರಿಯೂ ಮುಟ್ಟಿಲ್ಲ. ನಿನ್ನೆ ಯಾವ ಉಪವಾಸ?”

“ನಿನ್ನೆ ದಶಮಿ. ದಶಮಿಗೆ ಒಂದೇ ಹೊತ್ತು ಊಟ ಅಂತ ನಿನಗೇ ನೆನಪಿರಲ್ಲ, ಅದಕ್ಕಿದೆ ನೋಡು.”

“ಕಿವಿ ಮುಟ್ಟಿ ನೋಡ್ರೀ, ಸುಡ್ತಿದೆ.”

“ಜಪತಪ ಮಾಡುವವರ ಮೈ ಬಿಸಿಯೇ ಇರುತ್ತೆ ಕಣೇ. ನಿನ್ನದು ತಣ್ಣಗಿದ್ದರೆ ಅದಕ್ಕೆ ನಾನೇನು ಮಾಡಲಿ?”

ಸುದ್ದಿ ಹಬ್ಬಿತು. ಜನ ಹೂವು ಹಿಡಿದು ಬಂದರು. ಸಾಲು ಕೆರೆಯವರೆಗೂ ಬೆಳೆದು, ಕೊನೆಯವರು ಸೊಂಟದವರೆಗಿನ ನೀರಿನಲ್ಲಿ ನಿಂತಿದ್ದರು. ನಾಯಿ ಕಣ್ಣು ಅರೆಮುಚ್ಚಿ ಮಲಗಿತ್ತು, ಧ್ಯಾನ ಎಂದರು. ಬಾಲ ಅಲ್ಲಾಡಿಸಲಿಲ್ಲ, ವೈರಾಗ್ಯ ಎಂದರು. ವ್ಯಾಪಾರಿ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೈಮುಗಿದ.

ಮರುದಿನ ದ್ವಾದಶಿ. ಉಪವಾಸ ಮುರಿಯುವ ಊಟಕ್ಕೆ ವ್ಯಾಪಾರಿ ಬೆಳಗಾಗುತ್ತಲೇ ತನಗೊಂದು ಎಲೆ, ನಾಯಿಗೊಂದು ಎಲೆ ಹಾಕಿದ. ನಾಯಿಯ ಎಲೆಗೆ ಧಾರಾಳವಾಗಿ ತುಪ್ಪ ಸುರಿದ. ನಾಯಿ ಏಳಲಿಲ್ಲ. ನೀರು ಇಟ್ಟ. ಮೂಸಿಯೂ ನೋಡಲಿಲ್ಲ. ಕೈಗೆ ತೆಗೆದುಕೊಂಡ ತುತ್ತನ್ನು ವ್ಯಾಪಾರಿ ಎಲೆಯಲ್ಲೇ ಇಟ್ಟ. ಹೀಗೂ ಒಂದು ವ್ರತವಿದೆಯೆಂದು ಅವನು ಯಾವ ಪಂಚಾಂಗದಲ್ಲೂ ಓದಿರಲಿಲ್ಲ. ಹೆಂಡತಿಯನ್ನು ಕೂಗಿದ. ಅವಳು ಮನೆಯಲ್ಲಿರಲಿಲ್ಲ, ಪಶುವೈದ್ಯನನ್ನು ಕರೆತರಲು ಆಗಲೇ ಹೊರಟುಹೋಗಿದ್ದಳು.

ವೈದ್ಯ ಬಂದ. ತುಟಿ ಎತ್ತಿ ಒಸಡು ನೋಡಿದ. ಕೆಂಪಗಿರಬೇಕಾದದ್ದು ಸುಣ್ಣದಂತೆ ಬೆಳ್ಳಗಿತ್ತು. ಕಿವಿ ಮಡಚಿ ನೋಡಿದ, ಬೆರಳಿನ ಸಂದು ಬಿಡಿಸಿ ನೋಡಿದ. ಅಲ್ಲೆಲ್ಲ ರಕ್ತ ಕುಡಿದು ಹರಳುಬೀಜದಂತೆ ಉಬ್ಬಿದ ಉಣ್ಣೆಗಳು.

“ಉಣ್ಣೆ ಕಚ್ಚಿ ಬಂದ ಜ್ವರ ಇದು. ತಂದ ಕೂಡಲೇ ಯಾಕೆ ತೋರಿಸಲಿಲ್ಲ ಸಾಹುಕಾರರೇ?”

“ದೊಡ್ಡ ನಾಯಿ ಅಲ್ವಾ… ಎಲ್ಲ ಆಗಿರುತ್ತೆ ಅಂದ್ಕೊಂಡೆ.”

“ಆಗಿದೆ ಅಂತ ಹೇಳೋರು ಯಾರು, ಅದೇ ಬಂದು ಹೇಳ್ತಾ? ಗೊತ್ತಿಲ್ಲ ಅಂದ್ರೆ ಆಗಿಲ್ಲ ಅಂತಲೇ ಹಿಡೀಬೇಕು. ಹೊಟ್ಟೆಹುಳದ ಔಷಧಿ, ಹುಚ್ಚು ರೋಗ ಬಾರದ ಹಾಗೆ ಚುಚ್ಚುಮದ್ದು, ಎಲ್ಲ ಮೊದಲಿಂದ ಆಗಲಿ. ಆದರೆ ಇವತ್ತಲ್ಲ, ಜ್ವರ ಇಳಿದ ಮೇಲೆ.” ವೈದ್ಯನ ಕಣ್ಣು ತುಪ್ಪದ ಎಲೆಯ ಮೇಲೆ ಬಿತ್ತು. “ಇದನ್ನು ಎತ್ತಿಡಿ. ಹೊಸ ಮನೆಯ ಊಟ ಸ್ವಲ್ಪ ಸ್ವಲ್ಪವಾಗಿ ರೂಢಿಯಾಗಬೇಕು. ಇದೇನು ನಿಮ್ಮ ಬೀಗರೇ?”

ವೈದ್ಯ ಜ್ವರಕ್ಕೆ ಔಷಧಿ ಚುಚ್ಚಿದ. ಅಂದು ವ್ಯಾಪಾರಿ ಅಂಗಡಿ ತೆರೆಯಲಿಲ್ಲ. ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ವೈದ್ಯ ಕೊಟ್ಟ ಚಿಮಟದಿಂದ ಒಂದೊಂದೇ ಉಣ್ಣೆ ತೆಗೆಯುತ್ತ ಕುಳಿತ. ದರ್ಶನಕ್ಕೆ ಬಂದವರಿಗೆ ಅವನ ಹೆಂಡತಿ ಪೊರಕೆಯ ದರ್ಶನ ಮಾಡಿಸಿದಳು.

ದಿನ ಕಳೆದಂತೆ ನಾಯಿ ಚೇತರಿಸಿಕೊಂಡಿತು. ಮುಂದಿನ ಏಕಾದಶಿಯಂದು ವ್ಯಾಪಾರಿ ತನಗೆಂದು ಇಟ್ಟುಕೊಂಡಿದ್ದ ಹಾಲನ್ನು ಅದು ಪೂರಾ ಕುಡಿದು, ಲೋಟ ಉರುಳಿಸಿ, ಬಾಲ ಅಲ್ಲಾಡಿಸಿತು. ಅಯ್ಯೋ, ಎಂಥ ನಾಯಿ ಹೇಗೆ ಕೆಟ್ಟುಹೋಯಿತು ಎಂದು ಊರವರು ಮರುಗಿದರು. ವ್ಯಾಪಾರಿ ಮಾತ್ರ ಕೇರಿಗೆಲ್ಲ ಬೆಲ್ಲ ಹಂಚಿದ. ನನ್ನ ಪಾಲಿನ ಅಚ್ಚನ್ನು ಮನೆಗೆ ತರಲು ಎತ್ತಿನ ಗಾಡಿ ಹೂಡಬೇಕಾಯಿತು.

ಶಿಷ್ಯ ಜೋರಾಗಿ ನಕ್ಕ. “ಸದ್ಯ, ನಾಯಿ ಉಳಿಯಿತಲ್ಲ. ಹಾಗಾದರೆ ಇಷ್ಟೂ ನಿಜವೇ ಗುರುಗಳೇ?”

ಗುರುಗಳು ನಗಲಿಲ್ಲ.

“ಒಂದೇ ಒಂದು ಸಣ್ಣ ಸಂಗತಿ ನಾನು ಸೇರಿಸಿದ್ದು ಮಗು: ವೈದ್ಯ ಬಂದಾಗ ನಾಯಿಗೆ ಇನ್ನೂ ಜೀವವಿತ್ತು ಎಂಬುದು.”