ಮೂರು ತಾರಿಯ ದಾರಿ

ಕಡಲ ಬದಿಯ ಒಂದು ಆಶ್ರಮದಲ್ಲಿ ವಾಮನನೆಂಬ ಶಿಷ್ಯನಿದ್ದ. ಮಾತಿನಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಯಾರಾದರೂ ಶ್ಲೋಕದ ಮೊದಲ ಪಾದ ಎತ್ತಿದರೆ ಸಾಕು, ಉಳಿದ ಮೂರೂ ಅವನ ನಾಲಗೆಯ ತುದಿಯಲ್ಲಿರುತ್ತಿದ್ದವು.

ಅವನ ಸಹಪಾಠಿ ಹಮ್ಮಣ್ಣನಿಗೆ ಉಗ್ಗು. ಒಂದು ಹಬ್ಬದ ಸಭೆಯಲ್ಲಿ ಹಮ್ಮಣ್ಣ ಪಾಠ ಒಪ್ಪಿಸುತ್ತ ಒಂದು ಶಬ್ದಕ್ಕೆ ಸಿಕ್ಕಿಬಿದ್ದು ನಿಂತ. ವಾಮನ ಕೂತಲ್ಲಿಂದಲೇ ಆ ಶಬ್ದವನ್ನು ಹೇಳಿ ಮುಗಿಸಿದ. ಉಗ್ಗನ್ನೂ ಸೇರಿಸಿ ಹೇಳಿದ.

ಸಭೆ ನಕ್ಕಿತು. ಮರುದಿನ ಬೆಳಿಗ್ಗೆ ಹಮ್ಮಣ್ಣನ ಚಾಪೆ ಖಾಲಿ.

ವರ್ಷ ಕಳೆದ ಮೇಲೆ ಸುದ್ದಿ ಬಂತು. ಹಮ್ಮಣ್ಣ ಕಡಲಾಚೆಯ ಒಂದು ದ್ವೀಪದಲ್ಲಿದ್ದಾನೆ, ಬಲೆ ನೇಯ್ದು ಬದುಕುತ್ತಿದ್ದಾನೆ.

ಅಷ್ಟು ದಿನವೂ ಆ ನಗು ವಾಮನನ ಕಿವಿಯಿಂದ ಹೋಗಿರಲಿಲ್ಲ. ಗುರುಗಳ ಮುಂದೆ ಹೋಗಿ ನಿಂತ.

"ಕ್ಷಮೆ ಕೇಳಿ ಅವನನ್ನು ಕರೆತರುತ್ತೇನೆ. ಒಂದು ದಿನದ ಕೆಲಸ."

"ನಾನೂ ಬರುತ್ತೇನೆ," ಎಂದರು ಗುರುಗಳು.

ಬೆಳಕು ಹರಿಯುವ ಮುಂಚೆ ಹೊರಟರು. ಒದ್ದೆ ಮರಳು ಗಟ್ಟಿಯಾಗಿತ್ತು, ನಡಿಗೆ ಚುರುಕಾಗಿತ್ತು. ದ್ವೀಪ ಮುಟ್ಟಲು ಮೂರು ಕಡೆ ತಾರಿ ದೋಣಿ ಹತ್ತಬೇಕು: ಎರಡು ಹೊಳೆಗಳಿಗೆ ಒಂದೊಂದು, ಆಮೇಲೆ ಕಡಲಿಗೆ ಒಂದು.

ಮೊದಲ ಹೊಳೆಯ ದೋಣಿಯಲ್ಲಿ ವಾಮನ ತಾನು ಕಟ್ಟಿಕೊಂಡಿದ್ದ ಕ್ಷಮೆಯ ಮಾತನ್ನು ಗುರುಗಳಿಗೆ ಒಪ್ಪಿಸಿದ. ಉಪಮೆಗಳಿದ್ದವು, ಪಶ್ಚಾತ್ತಾಪವಿತ್ತು, ಕೊನೆಗೊಂದು ಶ್ಲೋಕವೂ ಇತ್ತು. ಹುಟ್ಟು ಹಾಕುತ್ತಿದ್ದ ಅಂಬಿಗ ಕೂಡ ತಲೆದೂಗಿದ.

"ಹೇಗಿದೆ, ಗುರುಗಳೇ?"

"ದೋಣಿ ದಡ ಮುಟ್ಟಿ ಎಷ್ಟೋ ಹೊತ್ತಾಯಿತು. ಇಳಿ."

ವಾಮನ ನಡೆಯುತ್ತ ನಡೆಯುತ್ತ ಮಾತನ್ನು ಕಡಿಮೆ ಮಾಡಿದ. ಶ್ಲೋಕ ಬಿಟ್ಟ. ಉಪಮೆ ಬಿಟ್ಟ.

ಎರಡನೆಯ ಹೊಳೆಯಲ್ಲಿ ದೋಣಿ ನಡೆಸುವವಳು ಒಬ್ಬ ಹೆಂಗಸು. ಇವರು ಹತ್ತಿ ಕೂತರೂ ಅವಳು ಹಗ್ಗ ಬಿಚ್ಚಲಿಲ್ಲ. ದೂರದಲ್ಲಿ ಒಬ್ಬ ಮುದುಕಿ ತಲೆಯ ಮೇಲೆ ಬುಟ್ಟಿ ಹೊತ್ತು ಮರಳಲ್ಲಿ ಕಾಲೆಳೆಯುತ್ತ ಬರುತ್ತಿದ್ದಳು.

"ನಮಗೆ ಹೊತ್ತಾಗುತ್ತದಮ್ಮ," ಎಂದ ವಾಮನ.

"ಬರ್ತಾ ಇದ್ದಾಳಲ್ಲ, ಅಯ್ಯ."

ಕಾದರು. ಆ ಬಿಡುವಿನಲ್ಲಿ ವಾಮನ ಹೊಸ ಮಾತನ್ನು ಹೇಳಿ ತೋರಿಸಿದ.

"ಚೆನ್ನಾಗಿದೆ," ಎಂದರು ಗುರುಗಳು. "ಅದಕ್ಕೆ ಹಮ್ಮಣ್ಣ ಏನನ್ನುತ್ತಾನೆ?"

"ಇನ್ನೇನು? ಕ್ಷಮಿಸಿದೆ ಅನ್ನುತ್ತಾನೆ."

"ಓ. ಅದನ್ನೂ ನೀನೇ ಹೇಳಿ ಮುಗಿಸಿದೆ."

ಮುದುಕಿ ಬಂದು ಹತ್ತಿದ ಮೇಲೆ ಹೊಳೆ ದಾಟಿ, ಕಡಲ ತಾರಿಯನ್ನೂ ದಾಟಿ ದ್ವೀಪ ಮುಟ್ಟಿದರು.

ಹಮ್ಮಣ್ಣ ದಡದ ಮೇಲೆ ಕೂತು ಹರಿದ ಬಲೆ ಸರಿಮಾಡುತ್ತಿದ್ದ. ಎದ್ದು ಬಂದು ಗುರುಗಳ ಕಾಲಿಗೆರಗಿದ. ನೀರು ತಂದುಕೊಟ್ಟ. ವಾಮನನಿಗೂ ಕೊಟ್ಟ, ಮುಖ ನೋಡದೆ.

ಕಟ್ಟಿಕೊಂಡು ತಂದ ಮಾತು ಯಾವುದೂ ವಾಮನನಿಗೆ ನೆನಪಾಗಲಿಲ್ಲ.

"ಹಮ್ಮಣ್ಣ, ನಾನು ಮಾಡಿದ್ದು ತಪ್ಪು. ಕ್ಷಮಿಸು."

ಹಮ್ಮಣ್ಣ ತಲೆಯೆತ್ತಿದ. "ನ... ನ... ನನಗೆ..."

ಮಾತು ಅಲ್ಲಿಗೇ ಕಚ್ಚಿಕೊಂಡಿತು. ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರಾಡಿತು. 'ನನಗೇನೂ ಬೇಸರವಿಲ್ಲ' ಎಂಬ ಮಾತು ವಾಮನನ ನಾಲಗೆಗೆ ಬಂದೇಬಿಟ್ಟಿತ್ತು. ಹಲ್ಲು ಕಚ್ಚಿ ಹಿಡಿದ. ಒಂದು ಅಲೆ ಬಂದು ಹೋಯಿತು. ಇನ್ನೊಂದು ಬಂದು ಹೋಯಿತು. ಸುಮ್ಮನಿರುವುದು ಇಷ್ಟು ಕಷ್ಟವೆಂದು ಅವನಿಗೆ ಗೊತ್ತಿರಲಿಲ್ಲ.

"ನನಗೆ... ಇ... ಇನ್ನೂ ಸಿಟ್ಟಿದೆ."

ವಾಮನ ಅಲ್ಲೇ ಮರಳ ಮೇಲೆ ಕೂತ.

ಹಮ್ಮಣ್ಣ ಅವನನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬಲೆಯ ಒಂದು ಮೂಲೆಯನ್ನು ಅವನ ಕಡೆ ಸರಿಸಿದ.

"ತು... ತುದಿ ಹಿಡಿ."

ವಾಮನ ಹಿಡಿದ. ಒಬ್ಬ ಎಳೆದು ಹಿಡಿಯುತ್ತ, ಒಬ್ಬ ಗಂಟು ಹಾಕುತ್ತ, ಬಿಸಿಲು ಇಳಿಯಿತು. ಬಲೆ ಅರ್ಧವೂ ಆಗಿರಲಿಲ್ಲ. ಅಷ್ಟರಲ್ಲಿ ಆ ದಿನದ ಕೊನೆಯ ದೋಣಿಯ ಅಂಬಿಗ ಕೂಗಿದ.

ವಾಮನ ನೀರಂಚಿಗೆ ಓಡಿದಾಗ ಗುರುಗಳು ಆಗಲೇ ದೋಣಿಯಲ್ಲಿ ಕೂತಾಗಿತ್ತು. ಹತ್ತಲು ಕಾಲೆತ್ತಿದವನನ್ನು ಕೈ ತೋರಿಸಿ ತಡೆದರು.

"ಅವನು ಬರುತ್ತೇನೆಂದಿಲ್ಲ, ಗುರುಗಳೇ. ಕ್ಷಮಿಸಿದೆ ಅಂತಲೂ ಅಂದಿಲ್ಲ. ನಾನಿಲ್ಲಿದ್ದು ಏನು ಮಾಡಲಿ? ಯಾವಾಗ ಹಿಂದಿರುಗಲಿ?"

ದೋಣಿ ದಡ ಬಿಟ್ಟಿತು.

"ಅವಸರವೇನು, ವಾಮನ? ಅವನಿನ್ನೂ ಎರಡೇ ಮಾತು ಆಡಿದ್ದಾನೆ."