ಒಲೆಯ ಮೂವರು ಅರಸರು

ಎರಡು ನದಿಗಳ ನಡುವಿನ ಸೀಮೆಯಲ್ಲಿ ಬೆಲ್ಶುನು ಎಂಬ ಅರಸನಿದ್ದ. ಅವನಿಗೆ ಅನ್ನ ನೀರಿಗಿಂತ ಹೆಚ್ಚಾಗಿ ಬೇಕಾದದ್ದು ತನ್ನ ಹೆಸರು. ಕೋಟೆಗೆಂದು ಮಾಡಿಸುವ ಒಂದೊಂದು ಇಟ್ಟಿಗೆಯ ಮೇಲೂ, ಮಣ್ಣು ಹಸಿಯಿರುವಾಗಲೇ, ಅಚ್ಚು ಒತ್ತಿಸುತ್ತಿದ್ದ: "ಭೂಮಂಡಲದ ಒಡೆಯ ಬೆಲ್ಶುನು ಕಟ್ಟಿಸಿದ್ದು. ಇದು ಎಂದೆಂದಿಗೂ ಬೀಳದು."

ಮಣ್ಣು ತುಳಿದು ಇಟ್ಟಿಗೆ ಮಾಡುವವರು ಯೆಹೂದ ಸೀಮೆಯಿಂದ ಸೆರೆಹಿಡಿದು ತಂದ ಜನ. ಆರು ದಿನ ದುಡಿದು, ಏಳನೆಯ ದಿನ ಕೈಕಾಲು ತೊಳೆದು ದೇವರ ಹೆಸರಲ್ಲಿ ಸುಮ್ಮನೆ ಕೂರುವುದು ಅವರ ಪದ್ಧತಿ. ಕೋಟೆ ಬೇಗ ಏಳಲಿ ಎಂದು ಅರಸ ಆ ಬಿಡುವನ್ನೂ ಕಿತ್ತುಕೊಂಡ.

ಅರಸನಿಗೆ ದ್ರಾಕ್ಷಾರಸ ಬಡಿಸುವ ಅಸಾಯನೂ ಅದೇ ಜನದವನು. ಅವನ ಸ್ವಂತ ತಮ್ಮ ಮಣ್ಣು ತುಳಿದು ತುಳಿದು ಕಾಲು ಊದಿಸಿಕೊಂಡು ಕೂತಿದ್ದ. ಆದರೂ ಅಸಾಯ ನಾಲಿಗೆಗೆ ಸಕ್ಕರೆ ಸವರಿಕೊಂಡು ಅರಸನ ಮುಂದೆ ನಿಂತ.

"ಪ್ರಭು, ನಮ್ಮ ಏಳನೆಯ ದಿನವನ್ನು ನಮಗೆ ಬಿಟ್ಟುಕೊಡಿ" ಎಂದ.

ಅರಸ ಮೀಸೆ ತಿರುವಿದ. "ಸೊಕ್ಕಿದ ರಾಜ್ಯಗಳೆಲ್ಲ ಮಣ್ಣುಪಾಲಾಗುತ್ತವೆ ಅಂತ ನಿಮ್ಮ ಹಿರಿಯರು ಹೇಳ್ತಾರಂತಲ್ಲ? ಹಾಗೆ ಮಣ್ಣುಪಾಲಾದ ಒಬ್ಬ ಅರಸನನ್ನ ತಂದು ನನ್ನ ಮುಂದೆ ನಿಲ್ಲಿಸು. ಅವನೇ ನನಗೆ ಹೇಳಲಿ. ಆಗ ನಿಮ್ಮ ದಿನ ನಿಮಗೆ. ಆಗದಿದ್ದರೆ ನಾಳೆಯಿಂದ ನೀನೂ ಮಣ್ಣು ತುಳಿ!"

ಆಸ್ಥಾನವೆಲ್ಲ ಗೊಳ್ಳೆಂದು ನಕ್ಕಿತು. ಸತ್ತವರನ್ನು ಇವನು ಎಲ್ಲಿಂದ ಕರೆತಂದಾನು?

ಅಸಾಯ ಹೂಜಿಯನ್ನು ಕೆಳಗಿಟ್ಟ. "ಒಬ್ಬನೇ ಸಾಕೇ ಪ್ರಭು? ಮೂವರಿದ್ದಾರೆ. ತಮ್ಮ ಅರಮನೆಯಲ್ಲೇ ಊಳಿಗಕ್ಕಿದ್ದಾರೆ."

"ನನ್ನ ಅರಮನೆಯಲ್ಲಿ ಪರರಾಜರೇ! ಎಲ್ಲಿ?"

"ಅಡುಗೆಮನೆಯಲ್ಲಿ."

ವಿಷ ಹಾಕಲು ಬಂದವರಿರಬೇಕು ಎಂದುಕೊಂಡು ಅರಸ ಕತ್ತಿ ಹಿರಿದು ಓಡಿದ. ಹಿಂದೆ ಇಡೀ ಆಸ್ಥಾನವೇ ಓಡಿತು. ಒಲೆಯ ಮುಂದೆ ಕೂತಿದ್ದ ದಮ್ಕಿ ಅಜ್ಜಿ ಸೌಟು ಎತ್ತಿಕೊಂಡು ಎದ್ದಳು.

"ಅಯ್ಯೋ ಬುದ್ಧಿ! ಊಟ ಕೊಂಚ ತಡವಾಯ್ತು ಅಂತ ಕತ್ತಿ ತರೋದೇ? ಬೇಳೆ ಬೇಯಬೇಡವೇ?"

ಅಸಾಯ ಪಾತ್ರೆ ಇಳಿಸಿದ, ಕೊಳ್ಳಿ ಹಿಂದಕ್ಕೆಳೆದ, ಒಲೆಯ ಮೂರು ಇಟ್ಟಿಗೆಗಳ ಮೇಲೆ ನೀರು ಚಿಮುಕಿಸಿದ. ಚುಂಯ್ ಎಂದಿತು. ಬೂದಿ ಹಾಕಿ ಒಂದನ್ನು ತಿಕ್ಕಿದ. ಮಸಿ ಹೋಗಿ ಕೆಳಗಿನ ಸಾಲಿನ ಅಕ್ಷರಗಳು ಮೂಡಿದವು.

"ಓದಿ ಪ್ರಭು."

"'ಇದು ಎಂದೆಂದಿಗೂ ಬೀಳದು.' ಭಲೇ! ಇದು ನನ್ನದೇ ಇಟ್ಟಿಗೆ!"

ಅಸಾಯ ಇನ್ನಷ್ಟು ತಿಕ್ಕಿದ. "ಮೇಲಿನ ಸಾಲು?"

"'ಭೂಮಂಡಲದ ಒಡೆಯ ಕುರ್ದನು ಕಟ್ಟಿಸಿದ್ದು.' ಯಾರಿವನು?"

"ಇದೇನು ಪ್ರಭು, ಗೊತ್ತಿಲ್ಲವೇ? ಭೂಮಂಡಲದ ಒಡೆಯ!"

ಎರಡನೆಯದನ್ನು ತಿಕ್ಕಿದರೆ ಅದರಲ್ಲೊಬ್ಬ ಭೂಮಂಡಲದ ಒಡೆಯ. ಮೂರನೆಯದರಲ್ಲಿ ಮತ್ತೊಬ್ಬ. ಹೆಸರು ಬೇರೆ ಬೇರೆ, ಕೊನೆಯ ಸಾಲು ಮಾತ್ರ ಒಂದೇ.

ದಮ್ಕಿ ಅಜ್ಜಿಗೆ ಇದೆಲ್ಲ ಯಾಕೆಂದೇ ಅರ್ಥವಾಗಲಿಲ್ಲ. "ನದಿಯಾಚೆ ಹಳೇ ಕೋಟೆಗಳು ಬಿದ್ದ ಹಾಳುದಿಬ್ಬ ಇದೆಯಲ್ಲ ಬುದ್ಧಿ, ಊರವರೆಲ್ಲ ಒಲೆಗೆ ಅಲ್ಲಿಂದಲೇ ಇಟ್ಟಿಗೆ ತರೋದು. ಹಳೇ ಅರಸರ ಮಾಲು ಬಿರುಕು ಬಿಡಲ್ಲ. ತಮ್ಮದೂ ಚೆನ್ನಾಗಿ ಬೆಂದಿದೆ, ನೋಡಿದೆ. ನನ್ನ ಮರಿಮಕ್ಕಳ ಒಲೆಗೆ ಆಗುತ್ತೆ."

ಅರಸನ ಕತ್ತಿ ತಾನಾಗಿ ಕೆಳಗಿಳಿಯಿತು. ಪಾಪ, ಅವನ ಮುಖ ನೋಡಿ ಅಸಾಯನಿಗೂ ಕನಿಕರವಾಯಿತು.

"ಹಾಗಾದರೆ ನನ್ನ ಹೆಸರು ಉಳಿಯೋದು ಹೇಗೋ?" ಅರಸ ಮೆಲ್ಲಗೆ ಕೇಳಿದ.

"ಇಟ್ಟಿಗೆಗೆ ಮಸಿ ಹಿಡಿಯುತ್ತೆ ಪ್ರಭು, ಬಾಯಿಂದ ಬಾಯಿಗೆ ಹೋಗೋ ಕತೆಗೆ ಹಿಡಿಯೋದಿಲ್ಲ. ಹಿಂದೆ ಐಗುಪ್ತ ದೇಶದ ಅರಸನೊಬ್ಬ ನಮ್ಮ ಹಿರಿಯರಿಂದ ಬಿಡುವಿಲ್ಲದೆ ಇಟ್ಟಿಗೆ ಮಾಡಿಸಿದ. ಅವನ ರಥ, ಕುದುರೆ, ಸೊಕ್ಕು ಎಲ್ಲ ಸಮುದ್ರದ ಪಾಲಾದ ಕತೆಯನ್ನ ವರ್ಷವರ್ಷವೂ ಹೇಳ್ತೀವಿ. ಬಿಡುವು ಕೊಟ್ಟ ಅರಸನ ಕತೆಯೊಂದು ಮಾತ್ರ ನಮ್ಮಲ್ಲಿಲ್ಲ. ಆ ಜಾಗ ಇನ್ನೂ ಖಾಲಿ ಇದೆ."

ಅರಸ ಅವನನ್ನು ದುರುಗುಟ್ಟಿ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಖದೀಮ! ಭೂಮಂಡಲದ ಮೂವರು ಒಡೆಯರನ್ನ ತಂದು ನನ್ನ ಮೇಲೆ ಛೂ ಬಿಟ್ಟೆಯಲ್ಲೋ! ತಗೋ ನಿಮ್ಮ ಏಳನೆಯ ದಿನ. ಅಜ್ಜಿ, ಬೇಳೆ ಮತ್ತೆ ಒಲೆಗಿಡು!"

ಏಳನೆಯ ದಿನ ಬಂತು. ತನ್ನ ಕತೆಯನ್ನು ಕಿವಿಯಾರೆ ಕೇಳುವ ಆಸೆಗೆ ಅರಸ ಬೆಳಗ್ಗೆಯೇ ಮಣ್ಣು ತುಳಿಯುವವರ ಕೇರಿಗೆ ಬಂದ. ನೋಡಿದರೆ, ದೊಡ್ಡವರು ಚಿಕ್ಕವರು ಎಲ್ಲರೂ ಚಾಪೆಯ ಮೇಲೆ ಉರುಳಿಕೊಂಡು ಗೊರಕೆ ಹೊಡೆಯುತ್ತಿದ್ದಾರೆ. ಬಾಗಿಲಲ್ಲಿ ಅಸಾಯ ತಮ್ಮನ ಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದ.

"ಎಲ್ಲೋ ನನ್ನ ಕತೆ?" ಎಂದ ಅರಸ, ಮುಖ ಊದಿಸಿಕೊಂಡು.

"ಮೆಲ್ಲಗೆ ಮಾತಾಡಿ ಪ್ರಭು" ಎಂದ ಅಸಾಯ. "ಕೇರಿಗೆ ಕೇರಿಯೇ ಅದನ್ನ ಹೇಳ್ತಿದೆಯಲ್ಲ, ಕೇಳಿಸ್ತಿಲ್ಲವೇ?"

ಭೂಮಂಡಲದ ಒಡೆಯ ಒಂದು ಗಳಿಗೆ ನಿಂತು ಆ ಗೊರಕೆಗೆ ಕಿವಿಗೊಟ್ಟ. ಆಮೇಲೆ ಯಾರಿಗೂ ಎಚ್ಚರವಾಗದ ಹಾಗೆ, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ತುದಿಗಾಲಲ್ಲಿ ಅರಮನೆಗೆ ವಾಪಸು ಹೋದ.