ಗಿಳಿಗೂ ಮಾವಿಗೂ ನಡುವೆ

"ಗುರುಗಳೇ, ಹೇಳಬೇಕಾದದ್ದನ್ನೆಲ್ಲ ಹಿರಿಯರು ಹೇಳಿ ಹೋಗಿದ್ದಾರೆ. ಮಾಡಬೇಕಾದದ್ದನ್ನೂ ಮಾಡಿ ಹೋಗಿದ್ದಾರೆ. ನನ್ನಂಥವನಿಗೆ ಉಳಿದದ್ದು ಏನು?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಹೊಳೆಯ ದಂಡೆಯಲ್ಲಿ ಬಣ್ಣಗಾರರ ಊರೊಂದಿತ್ತು. ಅಲ್ಲಿಯವರು ಬಿಳಿ ಬಟ್ಟೆಯ ಮೇಲೆ ಕಾದ ಮೇಣದಿಂದ ಚಿತ್ರ ಬರೆದು, ಬಟ್ಟೆಯನ್ನು ಬಣ್ಣದ ಬಾನಿಯಲ್ಲಿ ಅದ್ದುತ್ತಿದ್ದರು. ಮೇಣವಿದ್ದ ಕಡೆ ಬಣ್ಣ ಹತ್ತುತ್ತಿರಲಿಲ್ಲ. ಆಮೇಲೆ ಬಟ್ಟೆಯನ್ನು ಕುದಿಸಿದರೆ ಮೇಣ ಕರಗಿ ಚಿತ್ರ ಬೆಳ್ಳಗೆ ಏಳುತ್ತಿತ್ತು. ಜನ ಈಗ ಬಾಟಿಕ್ ಎನ್ನುವುದು ಈ ಕೆಲಸವನ್ನೇ.

ಆ ಊರಿನಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಚಿತ್ರ. ಒಂದು ಮನೆಯದು ಮಾವು, ಒಂದು ಮನೆಯದು ಗಿಳಿ, ಇನ್ನೊಂದರದು ತಾವರೆ. ಒಬ್ಬರ ಚಿತ್ರವನ್ನು ಇನ್ನೊಬ್ಬರು ಮುಟ್ಟಕೂಡದು. ಮುಟ್ಟಿದವರು ಊರು ಬಿಡಬೇಕು.

ಒಮ್ಮೆ ಹೊಳೆಯ ಮೇಲ್ದಂಡೆಯ ಊರೊಂದನ್ನು ನೆರೆ ಕೊಚ್ಚಿಕೊಂಡು ಹೋಯಿತು. ಗಂಡನನ್ನೂ ಮನೆಯನ್ನೂ ಕಳೆದುಕೊಂಡ ಒಬ್ಬ ಹೆಂಗಸು ಇಲ್ಲಿಗೆ ಬಂದಳು. ಅವಳಿಗೂ ಮೇಣದ ಕೆಲಸ ಗೊತ್ತಿತ್ತು. ಅವಳ ಮನೆಯವರು ಮೀನು ಬರೆಯುತ್ತಿದ್ದರು. ಮೀನು ಬರೆದು ಬದುಕಿಕೊಳ್ಳುತ್ತೇನೆ, ಅಪ್ಪಣೆ ಕೊಡಿ ಎಂದು ಊರಿನ ಯಜಮಾನನನ್ನು ಕೇಳಿದಳು.

"ಮೀನು ಇಲ್ಲಿ ಬೇರೆ ಮನೆಯದು, ತಾಯಿ," ಎಂದ ಯಜಮಾನ. "ಹೂವು, ಹಣ್ಣು, ಹಕ್ಕಿ, ಮೃಗ ಎಲ್ಲವೂ ಹಂಚಿಹೋಗಿವೆ. ನಿನಗೆ ಕೊಡಲು ಏನೂ ಉಳಿದಿಲ್ಲ."

ಅವಳಿಗೆ ಅಳು ಬಂತು. ಮುಖ ತಿರುಗಿಸಿ, ಅಂಗಳದಲ್ಲಿ ಒಣಹಾಕಿದ್ದ ಸೀರೆಗಳನ್ನು ನೋಡುತ್ತ ನಿಂತಳು.

"ಚಿತ್ರಕ್ಕೂ ಚಿತ್ರಕ್ಕೂ ನಡುವಿನ ಜಾಗ ಯಾರದು, ಯಜಮಾನರೇ?"

"ಅದು ಯಾರದೂ ಅಲ್ಲ. ಬರೀ ಬಯಲು."

"ಹಾಗಾದರೆ ಅದು ನನಗಿರಲಿ."

ಯಜಮಾನ ನಕ್ಕು ಒಪ್ಪಿದ. ಊರಿನವರೂ ನಕ್ಕರು. ಕನಿಕರವಿದ್ದ ಕೆಲವರು ಮಾತ್ರ ತಾವು ಚಿತ್ರ ಬರೆದ ಬಟ್ಟೆಯನ್ನು ಅವಳಿಗೆ ಕೊಟ್ಟರು. ಅವಳು ಆ ಬಯಲಿನಲ್ಲಿ ಚುಕ್ಕೆ ಇಟ್ಟಳು, ಹುಲ್ಲಿನ ಎಸಳು ಬರೆದಳು, ಉದುರಿದ ಕಾಳು ಬರೆದಳು. ಇವು ತಮಗೆ ಬೇಕೆಂದು ಯಾವ ಮನೆಯವರೂ ಕೇಳಿರಲಿಲ್ಲ.

ಹೀಗಿರುವಾಗ ಮಾವಿನ ಮನೆಯ ಹುಡುಗಿಗೂ ಗಿಳಿ ಮನೆಯ ಹುಡುಗನಿಗೂ ಮದುವೆ ಗೊತ್ತಾಯಿತು. ಧಾರೆ ಸೀರೆಯಲ್ಲಿ ಎರಡೂ ಮನೆಯ ಚಿತ್ರವಿರಬೇಕೆಂಬುದು ಪದ್ಧತಿ. ಹುಡುಗಿಯ ಅಜ್ಜಿ ಸೀರೆಯ ಮೇಲೆ ಮಾವು ಬರೆದು ಕಳಿಸಿದಳು. ಹುಡುಗನ ತಾಯಿ ಪಕ್ಕದಲ್ಲಿ ಗಿಳಿ ಬರೆದಳು. ಗಿಳಿಗಳ ಕೊಕ್ಕು ಮಾವಿನ ಕಡೆಗಿತ್ತು.

"ನಿಮ್ಮ ಗಿಳಿ ನಮ್ಮ ಹಣ್ಣಿಗೆ ಬಾಯಿ ಹಾಕುತ್ತಿದೆ. ತಿರುಗಿಸಿ ಬರೆಯಿರಿ," ಎಂದಳು ಅಜ್ಜಿ.

"ಹಣ್ಣಿಗೆ ಬಾಯಿ ಹಾಕದ ಗಿಳಿ ಎಲ್ಲಿದೆ? ನಿಮ್ಮ ಹಣ್ಣನ್ನೇ ಆಚೆ ಇಟ್ಟುಕೊಳ್ಳಿ," ಎಂದಳು ತಾಯಿ.

ಬಟ್ಟೆ ಹೀರಿದ ಮೇಣವನ್ನು ಒರೆಸಲಾಗುವುದಿಲ್ಲ. ಆಡಿದ ಮಾತನ್ನೂ ಇಬ್ಬರೂ ಹಿಂತೆಗೆದುಕೊಳ್ಳಲಿಲ್ಲ. ಚಪ್ಪರ ಹಾಕುವ ಕೆಲಸ ನಿಂತಿತು. ಹುಡುಗಿ ಸೀರೆಯನ್ನು ಮಡಿಲಲ್ಲಿ ಕಟ್ಟಿಕೊಂಡು, ಯಾರಿಗೂ ಹೇಳದೆ ಆ ಹೆಂಗಸಿನ ಗುಡಿಸಲಿಗೆ ಬಂದಳು.

"ಏನಾದರೂ ಮಾಡು, ಅಕ್ಕಾ. ನನಗೆ ಅವನೇ ಬೇಕು."

ಹೆಂಗಸು ಹೆದರಿದಳು. ಒಂದು ಗೆರೆ ಹಣ್ಣಿಗೋ ಹಕ್ಕಿಗೋ ತಾಗಿದರೆ ಅವಳಿಗೆ ಈ ಊರೂ ಇಲ್ಲ. ಆದರೂ ಮೇಣ ಕಾಯಿಸಿದಳು. ಉಸಿರು ಹಿಡಿದು, ಒಂದೊಂದು ಗಿಳಿಯ ಕೊಕ್ಕಿನ ಮುಂದೆ ಒಂದೊಂದು ನವಣೆಯ ತೆನೆ ಬರೆದಳು.

ಸೀರೆ ಕೆಂಪು ಬಣ್ಣದಲ್ಲಿ ಮುಳುಗಿ, ಕುದಿದು, ಹೊರಬಂತು. ಅಂಗಳದಲ್ಲಿ ಹರಡಿದಾಗ ಗಿಳಿಗಳು ತೆನೆಯ ಕಾಳು ಹೆಕ್ಕುತ್ತಿದ್ದವು. ಮಾವು ತನ್ನ ಪಾಡಿಗೆ ತಾನು ತೂಗುತ್ತಿತ್ತು. ಅಜ್ಜಿ ಸೀರೆಯ ಹತ್ತಿರ ಬಗ್ಗಿ ನೋಡಿದಳು. ತಾಯಿಯೂ ಬಗ್ಗಿದಳು.

"ಪಾಪ, ಅದಕ್ಕೆ ಹಸಿವಾಗಿತ್ತು ಅಷ್ಟೆ," ಎಂದಳು ಅಜ್ಜಿ. ಇಬ್ಬರಿಗೂ ನಗು ಬಂತು.

ಮದುವೆ ನಡೆಯಿತು. ಸೀರೆಯನ್ನು ಊರೆಲ್ಲ ನೋಡಿತು. ಮರುದಿನದಿಂದ ಆ ಹೆಂಗಸಿನ ಗುಡಿಸಲಿನ ಮುಂದೆ ಜನ ಬಟ್ಟೆ ಹಿಡಿದು ನಿಂತರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಕೊನೆಗಾದರೂ ಊರಿನವರು ಅವಳಿಗೆ ತನ್ನದೇ ಎಂಬ ಒಂದು ಚಿತ್ರ ಕೊಟ್ಟರೇ?" ಎಂದು ಕೇಳಿದ.

"ಕೊಡಲು ಬಂದರಪ್ಪ, ಆಗ ಅವಳಿಗೆ ಪುರುಸೊತ್ತಿರಲಿಲ್ಲ," ಎಂದರು ಗುರುಗಳು.